ಮೂರು ಮಳೆಗಾಲ ಕಂಡ ಫಝ್ ಪೆಡಲ್ ಕಿಟ್: ಕಾರವಾರದಿಂದ ಒಂದು ಅನುಭವ

ಈ ಕಿಟ್ ತರಿಸಿ ಮೂರು ವರ್ಷ ಆಯಿತು. ಫಝ್ ಪೆಡಲ್ ಅಂದರೆ ಗಿಟಾರಿಗೂ ಆಂಪಿಗೂ ನಡುವೆ ಇಟ್ಟು, ಕಾಲಲ್ಲಿ ಒತ್ತಿದರೆ ಸ್ವರವನ್ನು ಒಡೆದು ಒರಟಾಗಿಸುವ ಡಬ್ಬಿ. ಕಿಟ್ ಅಂದರೆ ಅದರ ಬಿಡಿಭಾಗಗಳು, ಜೋಡಿಸುವುದು ನಾವೇ. ಜೋಡಿಸಿದ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಮೊದಲ ಮಳೆಗಾಲ ಮುಗಿದ ಮೇಲೆ ಬರೆದಿದ್ದರೆ ಎರಡು. ಇವತ್ತು ಕೊಡುವುದು ನಾಲ್ಕು. ಇಷ್ಟು ಉದ್ದಕ್ಕೆ ಬರೆಯಲು ಕಾರಣ ಇದೆ: ಬೆಂಗಳೂರಿನಲ್ಲಿ ಕೂತು ಬರೆದ ವಿಮರ್ಶೆಗಳನ್ನು ಓದಿಯೇ ನಾನು ಇದನ್ನು ಕೊಂಡಿದ್ದು. ಅವರು ಹೇಳಿದ್ದೆಲ್ಲ ನಿಜ, ಆದರೆ ಉಪ್ಪುಗಾಳಿಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ನಮ್ಮ ಮನೆ ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ನಡೆದೇ ಹೋಗಬಹುದು. ಜೂನ್ ಬಂತೆಂದರೆ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಗಿಟಾರಿಗೆ ಹಾಕಿದ ಹೊಸ ತಂತಿ ಎರಡೇ ವಾರದಲ್ಲಿ ಬೆರಳಿಗೆ ಒರಟು ಹತ್ತುತ್ತದೆ. ನಾನು ನುಡಿಸುವುದು ಗಿಟಾರ್, ತಮ್ಮ ಬೇಸ್ ಗಿಟಾರ್. ಗಣೇಶ ಚತುರ್ಥಿಯ ಪೆಂಡಾಲು, ಕಾಲೇಜಿನ ಗ್ಯಾದರಿಂಗು, ಒಮ್ಮೊಮ್ಮೆ ಸಮುದ್ರದ ಎದುರಿಗೇ ಹಾಕಿದ ವೇದಿಕೆ. ಪೆಡಲ್ ಮನೆಯೊಳಗೆ ಗಾಜಿನ ಕಪಾಟಿನಲ್ಲಿ ಕೂತಿದ್ದಲ್ಲ, ಹೊರಗೆ ದುಡಿದದ್ದು ಅನ್ನುವುದಕ್ಕೆ ಇದನ್ನೆಲ್ಲ ಹೇಳಿದೆ.

ಆಗ ಬೆಲೆ 1,650 ರೂಪಾಯಿ. ತೂತು ಕೊರೆದ ಅಲ್ಯೂಮಿನಿಯಂ ಡಬ್ಬಿ, ಬಿಡಿಭಾಗ ಕೂರಿಸುವ ಬೋರ್ಡು (ಪಿಸಿಬಿ), ಎರಡು ಬಿಸಿ108 ಟ್ರಾನ್ಸಿಸ್ಟರ್, ಸರ್ಕ್ಯೂಟಿಗೆ ನಾಲ್ಕು ರೆಸಿಸ್ಟರ್, ಮೂರು ಕೆಪ್ಯಾಸಿಟರ್, ಫಝ್ ಮತ್ತು ವಾಲ್ಯೂಮ್ ಏರಿಸಿ ಇಳಿಸುವ ಎರಡು ಕಂಟ್ರೋಲು, ಕೇಬಲ್ ಚುಚ್ಚಲು ಎರಡು ಜ್ಯಾಕು, ಕಾಲಲ್ಲಿ ಒತ್ತುವ ಸ್ವಿಚ್ಚು, ಒಂದು ಎಲ್‌ಇಡಿ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ ಫಝ್ ಫೇಸ್ ಪೆಡಲಿನ ನಕ್ಷೆಯೇ ಇದು, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಬುಡದಲ್ಲಿ ಇದ್ದದ್ದು. ಇಷ್ಟೇ ಇಷ್ಟು ಬಿಡಿಭಾಗಗಳಿಂದ ಅಂಥ ಸದ್ದು ಹೊರಡುತ್ತದೆ ಎನ್ನುವುದು ನನಗೆ ಇವತ್ತಿಗೂ ಸೋಜಿಗ.

ಜೋಡಿಸಲು ಒಂದು ಭಾನುವಾರ ಸಾಕಾಯಿತು. 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿ, ಒಂದು ಮಲ್ಟಿಮೀಟರ್ ಇದ್ದರೆ ಆಯಿತು. ಎರಡು ಕಡೆ ಎಡವಿದೆ. ಸ್ವಿಚ್ಚಿಗೆ ಒಂಬತ್ತು ಕಾಲು. ಒಂದೊಂದನ್ನೂ ಹೆಚ್ಚು ಹೊತ್ತು ಕಾಯಿಸಿದ್ದಕ್ಕೆ ಒಳಗಿನ ಪ್ಲಾಸ್ಟಿಕ್ ಕರಗಿ ಸ್ವಿಚ್ಚು ಸತ್ತೇಹೋಯಿತು. ಒಂದು ಕಾಲು ಹಚ್ಚಿ, ಆರಲು ಬಿಟ್ಟು, ಆಮೇಲೆ ಮುಂದಿನದ್ದಕ್ಕೆ ಹೋಗಿ. ಎರಡನೆಯದು, ಬಿಸಿ108ರ ಲೋಹದ ಟೋಪಿಗೂ ಕಲೆಕ್ಟರ್ ಎಂಬ ಅದರ ಒಂದು ಕಾಲಿಗೂ ಒಳಗೆ ಸಂಪರ್ಕ ಇರುತ್ತದೆ. ಎರಡು ಟೋಪಿ ಒಂದಕ್ಕೊಂದು ತಾಗಿದರೆ, ಅಥವಾ ಡಬ್ಬಿಯ ಮುಚ್ಚಳಕ್ಕೆ ತಾಗಿದರೆ, ಸದ್ದೇ ಇಲ್ಲ. ಮುಚ್ಚಳ ತೆಗೆದಾಗ ಸರಿ, ಹಾಕಿದಾಗ ಮೌನ. ಇದು ಹೊಳೆಯಲು ನನಗೆ ಒಂದು ಸಂಜೆ ಬೇಕಾಯಿತು. ಮುಚ್ಚಳದ ಒಳಮೈಗೆ ದಪ್ಪ ಟೇಪು ಅಂಟಿಸಿದೆ. ಕಿಟ್‌ನ ಜೊತೆ ಬಂದ ಹಾಳೆಯಲ್ಲಿ ಈ ಎರಡೂ ಮಾತು ಇಲ್ಲ, ಇರಬೇಕಿತ್ತು.

ಸದ್ದಿನ ಬಗ್ಗೆ ನನ್ನದು ಒಂದೂ ತಕರಾರಿಲ್ಲ. ಫಝ್ ಪೂರ್ತಿ ಏರಿಸಿ ದಪ್ಪ ತಂತಿ ಮೀಟಿದರೆ ಸ್ವರಕ್ಕೆ ಕಂಬಳಿಹುಳದ ಹಾಗೆ ಮೈತುಂಬ ರೋಮ ಏಳುತ್ತದೆ. ಗಿಟಾರಿನ ವಾಲ್ಯೂಮನ್ನು ಸ್ವಲ್ಪ ಇಳಿಸಿ ನೋಡಿ, ಆ ರೋಮವೆಲ್ಲ ಉದುರಿ ಒಳಗಿನಿಂದ ತಿಳಿಯಾದ, ಗಾಜಿನಂಥ ಸ್ವರ ಬರುತ್ತದೆ. ಪೆಡಲನ್ನು ಮುಟ್ಟುವುದೇ ಬೇಡ. ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ತಂತಿಸುರುಳಿಯೂ ಈ ಸರ್ಕ್ಯೂಟೂ ನೇರವಾಗಿ ಒಂದಕ್ಕೊಂದು ಕೈಹಿಡಿದಿರುವುದರಿಂದ ಇದು ಸಾಧ್ಯ. ಹಾಗಾಗಿ ನಡುವೆ ಬಫರ್ (ಈ ಕೈಹಿಡಿತ ಬಿಡಿಸುವ ಸರ್ಕ್ಯೂಟ್) ಇರುವ ಟ್ಯೂನರನ್ನಾಗಲಿ ಬೇರೆ ಪೆಡಲನ್ನಾಗಲಿ ತರಬೇಡಿ. ತಂದರೆ ಸ್ವರ ಕರ್ಕಶವಾಗುತ್ತದೆ, ವಾಲ್ಯೂಮ್ ಇಳಿಸಿದರೂ ತಿಳಿಯಾಗುವುದಿಲ್ಲ.

ತೊಂದರೆ ಕಂಡದ್ದು ತಮ್ಮ ತನ್ನ ಬೇಸ್ ಚುಚ್ಚಿದ ದಿನ. ಸದ್ದು ತಗಡು ಕೆರೆದ ಹಾಗೆ. ಬುಡವೇ ಇಲ್ಲ. "ಅಣ್ಣಾ, ಇದು ಬೇಸಿಗಲ್ಲ ಬಿಡು" ಅಂತ ಅವನು ಕೈಚೆಲ್ಲಿದ. ನನಗೆ ಒಪ್ಪಲು ಮನಸ್ಸಾಗಲಿಲ್ಲ. ಫಝ್ ಪೆಡಲಿನ ಕಥೆಯೇ ಶುರುವಾಗುವುದು ಆರು ತಂತಿಯ ಬೇಸ್‌ನಿಂದ: ಅಮೆರಿಕದ ನ್ಯಾಶ್‌ವಿಲ್‌ನ ಒಂದು ಧ್ವನಿಮುದ್ರಣದಲ್ಲಿ ಮಿಕ್ಸಿಂಗ್ ಕನ್ಸೋಲಿನೊಳಗೆ ಏನೋ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಒಡೆದ ದನಿಯಲ್ಲಿ ಗುರುಗುಟ್ಟಿತು. ಅದನ್ನು ಹಾಗೆಯೇ ಹಾಡಿನಲ್ಲಿ ಉಳಿಸಿಕೊಂಡರು. ಅಲ್ಲಿನ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿ ಹೊರಡಿಸುವ ಸರ್ಕ್ಯೂಟ್ ಮಾಡಿದರು, ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಎಫ್‌ಝಡ್-1 ಎಂದು ಮಾರುಕಟ್ಟೆಗೆ ತಂದಿತು. ಬೇಸಿಗಲ್ಲ ಅನ್ನುವ ಮಾತೇ ಸರಿಯಲ್ಲ.

ಮಲ್ಟಿಮೀಟರ್ ಹಿಡಿದು ಒಂದೊಂದೇ ಬಿಡಿಭಾಗ ನೋಡುತ್ತ ಹೋದೆ. ವಾಲ್ಯೂಮ್ ಕಂಟ್ರೋಲು 500 ಕಿಲೋ ಓಮ್ ಇರಬೇಕಾದಲ್ಲಿ 100 ಕಳಿಸಿದ್ದರು. ಕೊನೆಯ ಕೆಪ್ಯಾಸಿಟರ್ 0.01 ಮೈಕ್ರೋಫ್ಯಾರಡ್. ಇದಕ್ಕೆ 500 ಕಿಲೋ ಓಮ್ ಸೇರಿದರೆ ಸುಮಾರು 32 ಹರ್ಟ್ಸ್‌ನಿಂದ ಕೆಳಗಿನ ಸ್ವರ ಸೊರಗುತ್ತದೆ. 100 ಸೇರಿದರೆ 160ರಿಂದಲೇ ಸೊರಗಲು ಶುರು. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ಬೇಸಿನದು 41. ಪಾಪ, ತಮ್ಮನ ಸ್ವರದ ಬುಡ ಅಲ್ಲೇ ಕತ್ತರಿಸಿಹೋಗುತ್ತಿತ್ತು. ಮಾರಾಟಗಾರರಿಗೆ ಬರೆದೆ. ಎರಡು ವಾರ ಉತ್ತರವಿಲ್ಲ, ಆಮೇಲೆ ಸರಿಯಾದ ಕಂಟ್ರೋಲು ಕಳಿಸಿದರು. ಅಷ್ಟರಲ್ಲಿ ನಾನು ಕೆಪ್ಯಾಸಿಟರನ್ನೇ 0.1ಕ್ಕೆ ಬದಲಿಸಿ ಆಗಿತ್ತು. ನಾಲ್ಕೈದು ರೂಪಾಯಿಯ ಕೆಲಸ. ಅದನ್ನು ಹಚ್ಚಿ ತಮ್ಮ ದಪ್ಪ ತಂತಿ ಮೀಟಿದಾಗ ಗೋಡೆಯ ಮೇಲಿನ ದೇವರ ಪಟದ ಗಾಜು ಅದುರಿತು. ಒಳಗಿನಿಂದ ಆಯಿ ಓಡಿ ಬಂದಳು.

ಬೇಸ್ ನುಡಿಸುವವರಿಗೆ ಇನ್ನೊಂದು ಮಾತು. ಬುಡ ಬಂದರೂ ಫಝ್ ಜಾಸ್ತಿಯಾದಾಗ ಬೆರಳಿನ ಹೊಡೆತ ಕೇಳುವುದಿಲ್ಲ, ಡ್ರಮ್ಮಿನ ಜೊತೆ ಕೂರುವುದಿಲ್ಲ. ಟಿಎಲ್072 ಎಂಬ ಆಂಪ್ಲಿಫೈಯರ್ ಐಸಿ ಒಂದನ್ನು ಹಾಕಿ, ಮೂಲ ಸ್ವರವನ್ನು ಪಕ್ಕದ ದಾರಿಯಲ್ಲಿ ತಂದು ಕೊನೆಗೆ ಬೆರೆಸುವ ಮೂರನೆಯ ನಾಬು ಸೇರಿಸಿದೆವು. ಈ ಸರ್ಕ್ಯೂಟಿನಲ್ಲಿ ಎರಡು ಹಂತ ಇರುವುದರಿಂದ ಅಲೆ ಎರಡು ಸಲ ತಲೆಕೆಳಗಾಗಿ ಮತ್ತೆ ನೇರಕ್ಕೆ ಬರುತ್ತದೆ, ಬೆರೆಸಿದಾಗ ಒಂದನ್ನೊಂದು ನುಂಗುವುದಿಲ್ಲ. ಈಗ ತಮ್ಮ ಇದನ್ನು ಬಿಟ್ಟು ಪೆಂಡಾಲಿಗೆ ಬರುವುದೇ ಇಲ್ಲ.

ಬಿಸಿ108 ಸಿಲಿಕಾನ್ ಟ್ರಾನ್ಸಿಸ್ಟರ್ ಆದ್ದರಿಂದ ರೇಡಿಯೋ ಹಿಡಿಯುವ ಕಾಟ ಇದೆ. ಒಂದು ರಾತ್ರಿ ನುಡಿಸುವುದು ನಿಲ್ಲಿಸಿ ಕೈ ತೆಗೆದರೆ ಆಂಪಿನೊಳಗಿನಿಂದ ಯಾರೋ ಗಂಡಸು ಮೆಲ್ಲಗೆ ವಾರ್ತೆ ಓದುತ್ತಿದ್ದ. ಎರಡೂ ಟ್ರಾನ್ಸಿಸ್ಟರುಗಳ ಕಲೆಕ್ಟರ್ ಮತ್ತು ಬೇಸ್ (ತಮ್ಮನ ವಾದ್ಯವಲ್ಲ, ಟ್ರಾನ್ಸಿಸ್ಟರಿನದೇ ಇನ್ನೊಂದು ಕಾಲು) ಕಾಲುಗಳ ನಡುವೆ 100 ಪಿಕೋಫ್ಯಾರಡ್ ಕೆಪ್ಯಾಸಿಟರ್ ಹಾಕಿದ ಮೇಲೆ ನಿಂತಿತು.

ಸಿಲಿಕಾನ್ ತೆಗೆದು ಹಳೆಯ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿ ನೋಡಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂತು. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಅಜ್ಜ ಒಬ್ಬರು ಹಳೆಯ ಟ್ರಾನ್ಸಿಸ್ಟರ್ ಸೆಟ್ಟುಗಳಿಂದ ಬಿಚ್ಚಿಟ್ಟ, ಬೆಂಗಳೂರಿನ ಬಿಇಎಲ್ ತಯಾರಿಸಿದ ಎಸಿ128 ನಾಲ್ಕು ತೆಗೆದುಕೊಟ್ಟರು. ಬೀಡಿಯ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದರು. "ತಮಾ, ಇದು ಬಿಸಿ ತಡೆಯುದಿಲ್ಲ. ಕಾಲು ಉದ್ದ ಬಿಡು, ಇಕ್ಕಳದಲ್ಲಿ ಹಿಡಕೊಂಡು ಹಚ್ಚು" ಅಂದರು. ದುಡ್ಡು ಕೊಡಹೋದರೆ ಕೈ ಆಡಿಸಿದರು. ಇವು ಪಿಎನ್‌ಪಿ ಜಾತಿಯವು, ಅಂದರೆ ಬಿಸಿ108ಕ್ಕೆ ಹೋಲಿಸಿದರೆ ಪ್ಲಸ್ಸು ಮೈನಸ್ಸು ಅದಲುಬದಲು, ಹಾಗಾಗಿ ಬ್ಯಾಟರಿ, ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರು ಎಲ್ಲ ತಿರುಗಿಸಿ ಹಾಕಬೇಕು, ಬೇರೆ ಪೆಡಲುಗಳ ಜೊತೆ ಒಂದೇ ಅಡಾಪ್ಟರ್ ಹಂಚಿಕೊಳ್ಳುವಂತಿಲ್ಲ. ಅಷ್ಟು ಮಾಡಿ, ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಮೈನಸ್ 4.5 ವೋಲ್ಟ್ ಬರುವ ಹಾಗೆ ಹದ ಮಾಡಿ ರಾತ್ರಿ ನುಡಿಸಿದಾಗ ಸ್ವರ ಬೆಣ್ಣೆಯಂತಿತ್ತು. ಏಪ್ರಿಲ್ ತಿಂಗಳು. ಮರುದಿನ ಮಧ್ಯಾಹ್ನ ಅದೇ ಜಾಗದಲ್ಲಿ ಮೀಟರು ಆರು ದಾಟಿ ತೋರಿಸಿತು, ಸ್ವರ ಬಿಕ್ಕಳಿಸುತ್ತ ಕಡಿದು ಕಡಿದು ಬಂತು. ಬಿಸಿ ಏರಿದಂತೆ ಜರ್ಮೇನಿಯಂನೊಳಗಿನ ಸೋರಿಕೆ ಏರುತ್ತದೆ, ಹದ ಜಾರುತ್ತದೆ. ನಮ್ಮ ಸೆಕೆಯಲ್ಲಿ, ತಗಡಿನ ಚಪ್ಪರದ ಕೆಳಗೆ, ಇದನ್ನು ನಂಬಿ ವೇದಿಕೆ ಹತ್ತಲಾರೆ. ಮನೆಯಲ್ಲಿ ಜನವರಿಯ ಬೆಳಗಿಗೆ ಅದನ್ನು ಇಟ್ಟುಕೊಂಡಿದ್ದೇನೆ. ಕರಾವಳಿಯವರು ಕಿಟ್ ತರಿಸುವಾಗ ಸಿಲಿಕಾನೇ ತರಿಸಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಆ ಹೋದ ಸ್ಟಾರಿನ ವಿಷಯ. ಮೊದಲ ಮಳೆಗಾಲದ ಆಗಸ್ಟಿನಲ್ಲಿ ಪೆಡಲ್ ಕೆರೆಯತೊಡಗಿತು. ಕೇಬಲ್ ಸ್ವಲ್ಪ ಅಲುಗಿದರೂ ಚರ್ ಚರ್. ಬಿಚ್ಚಿ ನೋಡಿದರೆ ಜ್ಯಾಕಿನ ನಾಲಿಗೆಯ ಮೇಲೆ ಹಸಿರು ಕಿಲುಬು, ತೆಳ್ಳಗಿನ ಹೊಳಪು ಎದ್ದುಹೋಗಿ ಕೆಳಗಿನ ಹಿತ್ತಾಳೆ ಕಾಣುತ್ತಿತ್ತು. ಸ್ಕ್ರೂಗಳು ತುಕ್ಕು ಹಿಡಿದು ಒಂದರ ತಲೆ ನನ್ನ ಕೈಯಲ್ಲೇ ಮುರಿಯಿತು. ಪಿಸಿಬಿಯ ಮೇಲೆ ಸೋಲ್ಡರಿನ ರಾಳ ಒರೆಸದೆ ಬಿಟ್ಟ ಕಡೆಯೆಲ್ಲ ತೇವ ಹಿಡಿದು ಅಂಟಂಟು. ಶಿರಸಿಯಲ್ಲಿರುವ ಭಾವನೂ ಇದೇ ಕಿಟ್ ತರಿಸಿದ್ದ. ಅಲ್ಲಿ ಮಳೆ ಕಡಿಮೆಯೇನಲ್ಲ, ಅವನ ಡಬ್ಬಿಯ ಮೇಲೆ ಬೂಸಲು ಬೆಳೆದಿತ್ತು. ಆದರೆ ಒಳಗಿನ ಜ್ಯಾಕು ಇವತ್ತಿಗೂ ಹೊಳೆಯುತ್ತಿದೆ. ಘಟ್ಟದ ಮೇಲೆ ಉಪ್ಪಿಲ್ಲ ನೋಡಿ.

ಜ್ಯಾಕು ಎರಡನ್ನೂ ಕಿತ್ತು ನ್ಯೂಟ್ರಿಕ್ ಕಂಪನಿಯವನ್ನು ಹಾಕಿದೆ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದು, ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಒಣಗಿಸಿ ವಾರ್ನಿಷ್ ಬಳಿದೆ. ಆಮೇಲಿನ ಎರಡು ಮಳೆಗಾಲದಲ್ಲಿ ಕೆರೆತವಿಲ್ಲ. ಫಝ್ ನಾಬು ತಿರುಗಿಸುವಾಗ ಮಾತ್ರ ಸಣ್ಣ ಚರ್ ಇದೆ. ಅದರಲ್ಲಿ ಡಿಸಿ (ಬ್ಯಾಟರಿಯ ನೇರ ವಿದ್ಯುತ್ತು) ಹರಿಯುವುದರಿಂದ ಈ ನಕ್ಷೆಯಲ್ಲಿ ಅದು ಇರುವಂಥದ್ದೇ, ಕೆಟ್ಟಿದೆ ಎಂದು ಬದಲಿಸಲು ಹೋಗಬೇಡಿ.

ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ಹಲವರು ದೂರಿದ್ದನ್ನು ಓದಿದ್ದೇನೆ. ಫಝ್ ಸರ್ಕ್ಯೂಟ್ ತಿನ್ನುವುದು ಒಂದು ಮಿಲಿಆಂಪಿಗಿಂತ ಕಡಿಮೆ. ಕಿಟ್‌ನವರು ಎಲ್‌ಇಡಿಗೆ ಕೊಟ್ಟ 1 ಕಿಲೋ ಓಮ್ ರೆಸಿಸ್ಟರಿನಿಂದ ಆ ದೀಪವೊಂದೇ ಏಳು ತಿನ್ನುತ್ತದೆ. ಅದರ ಬದಲು 4.7 ಕಿಲೋ ಓಮ್ ಹಾಕಿ. ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಬ್ಯಾಟರಿ ಹರಿಯುತ್ತಲೇ ಇರುತ್ತದೆ, ನುಡಿಸಿ ಆದಮೇಲೆ ಪೆಡಲಿಗೆ ಗಿಟಾರಿನಿಂದ ಬರುವ ಕೇಬಲನ್ನು ಅದರ ಜ್ಯಾಕಿನಿಂದ ಎಳೆದಿಡಿ.

ಈಗ ಅದು ಆಯಿಯ ಹಳೆಯ ಚಕ್ಕುಲಿ ಡಬ್ಬಿಯಲ್ಲಿ, ನಾಲ್ಕು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತದೆ. ತಿಂಗಳಿಗೊಮ್ಮೆ ಪೊಟ್ಟಣ ಬಿಸಿಲಿಗಿಡುತ್ತೇನೆ. ತಮ್ಮನಿಗೆ ಅವನದೇ ಒಂದು ಬೇಕಂತೆ, ಮೊನ್ನೆ ಎರಡನೇ ಕಿಟ್ ತರಿಸಿದೆವು. ಡಬ್ಬಿ ಬಿಚ್ಚಿದ ಕೂಡಲೇ ವಾಲ್ಯೂಮ್ ಕಂಟ್ರೋಲಿನ ಬೆನ್ನು ತಿರುಗಿಸಿ ನೋಡಿದೆ. ಈ ಸಲ 500 ಇದೆ. ಜ್ಯಾಕು ಮಾತ್ರ ಅದೇ ಹಳೆಯವು.