ದೂರದ ದಾರಿಗೆ ಯಾವ ಬೈಕು: ಮೀಟಿಯರ್ 350, ಡಾಮಿನಾರ್ 400, ಹಿಮಾಲಯನ್ 450

ಶೋರೂಮಿನ ಐದು ಕಿಲೋಮೀಟರ್ ಟೆಸ್ಟ್ ರೈಡಿನಲ್ಲಿ ಯಾವ ಬೈಕೂ ಕೆಟ್ಟದ್ದು ಅನಿಸುವುದಿಲ್ಲ. ಸೀಟು ಮೆತ್ತಗಿರುತ್ತದೆ, ಎಂಜಿನ್ ಎಳೆಯುತ್ತದೆ, ಮನಸ್ಸು ಅಲ್ಲೇ ಸೋಲುತ್ತದೆ. ಅಸಲಿ ಪರೀಕ್ಷೆ ಇರುವುದು ನಾಲ್ಕನೇ ಗಂಟೆಯಲ್ಲಿ. ಬೆಂಗಳೂರು ಬಿಟ್ಟವರಿಗೆ ಅದು ಚಿತ್ರದುರ್ಗದ ಆಸುಪಾಸು, ಇಲ್ಲವೇ ಸಕಲೇಶಪುರದಲ್ಲಿ ಟೀ ಕುಡಿದು ಶಿರಾಡಿ ಘಾಟಿ ಇಳಿಯುವ ಹೊತ್ತು. ಅಷ್ಟೊತ್ತಿಗೆ ಸೊಂಟ, ಅಂಗೈ, ಕತ್ತು ಮೂರೂ ತಮ್ಮ ತಮ್ಮ ತೀರ್ಪು ಹೇಳಿಯಾಗಿರುತ್ತದೆ.

150–160 ಸಿಸಿ ಬೈಕಿನಿಂದ ಟೂರಿಂಗ್ ಬೈಕಿಗೆ ಬದಲಾಗುವವರು ತೂಗಿ ನೋಡುವ ಬೈಕುಗಳಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಬಜಾಜ್ ಡಾಮಿನಾರ್ 400, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಇದ್ದೇ ಇರುತ್ತವೆ. ಮೂರನ್ನೂ ಒಂದೇ ಬಗೆಯ ದಾರಿಯಲ್ಲಿ ಓಡಿಸಿ ನೋಡಿದ್ದರ ಹೋಲಿಕೆ ಇದು: ಎನ್‌ಎಚ್ 48ರ ನೇರ ಓಟ, ಹಾಸನ–ಸಕಲೇಶಪುರ–ಶಿರಾಡಿಯ ಮಿಶ್ರ ರಸ್ತೆ, ತೀರ್ಥಹಳ್ಳಿ–ಆಗುಂಬೆ ಕಡೆಯ ಕಿರಿದಾದ ಮಲೆನಾಡ ದಾರಿ. ಸವಾರನ ಎತ್ತರ ಐದಡಿ ಎಂಟು ಇಂಚು, ತೂಕ 75 ಕೆಜಿ, ಜೊತೆಗೆ ಸುಮಾರು 15 ಕೆಜಿ ಲಗೇಜು. ನಿಮ್ಮ ಮೈಕಟ್ಟು ಬೇರೆಯಾದರೆ ಕೆಳಗಿನ ಮಾತುಗಳನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಓದಿಕೊಳ್ಳಬೇಕು.

ಕಾಗದದ ಮೇಲಿನ ಒಂದು ತಮಾಷೆ ಮೊದಲು. ಮೀಟಿಯರ್ 191 ಕೆಜಿ, ಡಾಮಿನಾರ್ 193, ಹಿಮಾಲಯನ್ 196. ತೂಕದಲ್ಲಿ ಮೂರೂ ಅಣ್ಣತಮ್ಮಂದಿರೇ. ವ್ಯತ್ಯಾಸವಿರುವುದು ಆ ತೂಕ ಎಲ್ಲಿ ಕೂತಿದೆ ಅನ್ನುವುದರಲ್ಲಿ. ಸೀಟಿನ ಎತ್ತರ ಕ್ರಮವಾಗಿ 765, 800, 825 ಮಿಮೀ. ಪಾರ್ಕಿಂಗಿನಲ್ಲಿ ಹಿಂದಕ್ಕೆ ತಳ್ಳುವಾಗ, ಘಾಟಿಯ ಏರಿನಲ್ಲಿ ನಿಲ್ಲಿಸಿ ಒಂದು ಕಾಲೂರಿದಾಗ ಈ 60 ಮಿಮೀ ಬಹಳ ದೊಡ್ಡದಾಗಿ ಕಾಣುತ್ತದೆ.

ಎರಡನೆಯದು ಗಾಳಿ. ವೇಗ 80ರಿಂದ 100ಕ್ಕೆ ಏರಿದರೆ ಎದೆಗೆ ಬಡಿಯುವ ಗಾಳಿಯ ಒತ್ತಡ ಒಂದೂವರೆ ಪಟ್ಟಿಗೂ ಮೀರುತ್ತದೆ. ಆ ಗಾಳಿಯನ್ನು ಸೀಳಲು ಎಂಜಿನ್ ಕೊಡಬೇಕಾದ ಶಕ್ತಿ ಹತ್ತಿರಹತ್ತಿರ ಇಮ್ಮಡಿ. ಹಾಗಾಗಿ "ಯಾವುದು ಆರಾಮ" ಅಂತ ಕೇಳುವ ಮುಂಚೆ "ಯಾವ ವೇಗದಲ್ಲಿ" ಅಂತ ಕೇಳಿಕೊಳ್ಳಬೇಕು. 80ರಲ್ಲಿ ಗೆಲ್ಲುವ ಬೈಕು 110ರಲ್ಲಿ ಸೋಲುತ್ತದೆ.

ಮೀಟಿಯರ್ 350

349 ಸಿಸಿ, 20.2 ಬಿಎಚ್‌ಪಿ, ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ 27 ಎನ್‌ಎಂ ಟಾರ್ಕ್ (ಎಳೆಯುವ ಬಲ), ಐದು ಗೇರು. ಐದನೇ ಗೇರಿನಲ್ಲಿ 80ರ ಹತ್ತಿರ ಎಂಜಿನ್ ತನ್ನ ಗರಿಷ್ಠ ಟಾರ್ಕಿನ ಸಮೀಪವೇ ಇರುತ್ತದೆ. ಹಳೆಯ ಬುಲೆಟ್ಟಿನ ನಡುಕವನ್ನು ನೆನಪಿಟ್ಟುಕೊಂಡು ಹತ್ತಿದವರಿಗೆ ಆಶ್ಚರ್ಯವಾಗುವಷ್ಟು ನಯ. ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ತನ್ನ ಕೆಲಸ ಮಾಡುತ್ತದೆ. 95 ದಾಟಿದರೆ ಫುಟ್‌ರೆಸ್ಟಿನಲ್ಲಿ ಝುಮ್ಮೆನ್ನಲು ಶುರು. 100ರಲ್ಲಿ ಓಡುತ್ತದೆ, ಆದರೆ ಕೈಯಲ್ಲಿ ಮಿಕ್ಕ ಶಕ್ತಿ ಕಡಿಮೆ. ಏರಿನಲ್ಲಿ ಲಾರಿ ಹಿಂದಿಕ್ಕಲು ನಾಲ್ಕಕ್ಕೆ ಇಳಿಸಲೇಬೇಕು, ಹಿಂದೆ ಒಬ್ಬರಿದ್ದರೆ ದಾರಿ ಇನ್ನಷ್ಟು ಉದ್ದ ಖಾಲಿ ಇರಬೇಕು.

ಸೀಟು ಅಗಲ, ಮೊದಲ ಎರಡು ಗಂಟೆ ಸೋಫಾ. ತೊಡಕು ಬರುವುದು ಮುಂದಕ್ಕಿರುವ ಫುಟ್‌ರೆಸ್ಟಿನಿಂದ. ಕಾಲು ಮುಂದೆ ಚಾಚಿ ಕೂತಾಗ ಮೈಭಾರವೆಲ್ಲ ಬೆನ್ನಿನ ತುದಿಮೂಳೆಗೆ ಇಳಿಯುತ್ತದೆ. ಗುಂಡಿ ಕಂಡರೂ ಕಾಲೂರಿ ಮೈಯೆತ್ತಲು ಆಗುವುದಿಲ್ಲ, ಏಟು ನೇರ ಬೆನ್ನಿಗೆ. ಕ್ರೂಸರ್ ಅನ್ನುವ ವಿನ್ಯಾಸದ ಗುಣವೇ ಅದು. ಸೀಟಿಗೆ ಎಷ್ಟು ಸ್ಪಂಜು ತುಂಬಿದರೂ ಹೋಗುವುದಿಲ್ಲ. ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳಿಗೆ ಆರು ಹಂತದ ಪ್ರೀಲೋಡ್ (ಸ್ಪ್ರಿಂಗ್ ಬಿಗಿ ಮಾಡುವ ಹೊಂದಾಣಿಕೆ) ಇದೆ. ಒಬ್ಬರೇ ಇದ್ದರೆ ಒಂದು ಅಥವಾ ಎರಡನೇ ಹಂತ, ಜೋಡಿಯಾದರೆ ನಾಲ್ಕು ಅಥವಾ ಐದು. ಎರಡೂ ಬದಿ ಒಂದೇ ಹಂತದಲ್ಲಿರಬೇಕು. ಸರ್ವಿಸ್ ಮಾಡಿಸಿ ತಂದಾಗಲೂ ಒಮ್ಮೆ ಎಣಿಸಿ ನೋಡಿ.

ಟ್ಯಾಂಕು 15 ಲೀಟರ್. ಲೀಟರಿಗೆ 33–35 ಸಿಗುವುದರಿಂದ 450 ಕಿಮೀವರೆಗೆ ಬಂಕಿನ ಚಿಂತೆಯಿಲ್ಲ. ಗಿಡ್ಡಗಿರುವವರಿಗೆ, 80–85 ಮೀರದವರಿಗೆ, ಮುಖ್ಯವಾಗಿ ಹಿಂಬದಿ ಸವಾರರ ಆರಾಮ ನೋಡುವವರಿಗೆ ಇದನ್ನು ಬಿಟ್ಟು ಬೇರೆ ಹುಡುಕುವ ಅಗತ್ಯ ಕಡಿಮೆ.

ಡಾಮಿನಾರ್ 400

373 ಸಿಸಿ, 40 ಪಿಎಸ್ (ಹೆಚ್ಚುಕಡಿಮೆ ಬಿಎಚ್‌ಪಿಯಷ್ಟೇ), 35 ಎನ್‌ಎಂ, ಆರು ಗೇರು. ನಾಲ್ಕು ಪಥದ ಹೆದ್ದಾರಿಯಲ್ಲಿ ಇದರ ಆಟವೇ ಬೇರೆ. 100ರಲ್ಲಿ ಸುಮಾರು 6,000 ಸುತ್ತಿನಲ್ಲಿ ಓಡುತ್ತಿರುತ್ತದೆ, ಆಕ್ಸಿಲರೇಟರ್ ತಿರುವಿದರೆ ಇನ್ನೂ ಇದೆ. ಎದುರುಗಾಳಿಯ ಚಿತ್ರದುರ್ಗ–ಹಿರಿಯೂರು ಬಯಲಿನಲ್ಲೂ ಗೇರು ಇಳಿಸುವ ಗೋಜಿಲ್ಲ. 2021ರ ಅಕ್ಟೋಬರಿನಿಂದ ಎತ್ತರದ ವೈಸರ್ (ಹೆಡ್‌ಲೈಟಿನ ಮೇಲಿನ ಗಾಳಿತಡೆ), ಹ್ಯಾಂಡ್ ಗಾರ್ಡ್, ಎಂಜಿನ್ ಗಾರ್ಡ್, ಕ್ಯಾರಿಯರ್, ಬ್ಯಾಕ್‌ರೆಸ್ಟ್, ಯುಎಸ್‌ಬಿ ಎಲ್ಲ ಕಂಪನಿಯಿಂದಲೇ ಬರುತ್ತಿವೆ. ಇವನ್ನೆಲ್ಲ ಹೊರಗೆ ಹಾಕಿಸಿದರೆ ಆಗುವ ಖರ್ಚು ನೋಡಿದರೆ ದುಡ್ಡಿಗೆ ಸಿಗುವ ಸರಕು ಇದರಲ್ಲೇ ಹೆಚ್ಚು.

ವೈಸರ್ ಬಗ್ಗೆ ಒಂದು ಮಾತು. ಎದೆಗೆ ಗಾಳಿ ತಪ್ಪುತ್ತದೆ, ಆದರೆ ಈ ಎತ್ತರದ ಸವಾರನಿಗೆ ವೈಸರ್ ಅಂಚಿನಿಂದ ಹಾರುವ ಗಾಳಿ ಸರಿಯಾಗಿ ಹೆಲ್ಮೆಟ್ಟಿನ ಹಣೆಗೆ ಬಡಿಯುತ್ತದೆ. ತಲೆ ಅಲುಗಾಡುತ್ತದೆ, ಗದ್ದಲ. ಖಾಲಿ ರಸ್ತೆಯಲ್ಲಿ 70ರ ವೇಗಕ್ಕೆ ಎಡಗೈಯನ್ನು ವೈಸರಿನ ಮೇಲೆ ನಿಧಾನ ಎತ್ತಿ ನೋಡಿದರೆ ಗಾಳಿಯ ಅಂಚು ಎಲ್ಲಿದೆ ಅಂತ ಅಂಗೈಗೇ ಗೊತ್ತಾಗುತ್ತದೆ. ಆ ಅಂಚು ಗಲ್ಲದ ಕೆಳಗಿರಬೇಕು, ಇಲ್ಲವೇ ತಲೆಯ ಮೇಲಿರಬೇಕು. ನಡುವೆ ಇದ್ದರೆ ಕತ್ತು ನೋವು ಖಂಡಿತ. ವೈಸರಿನ ಕೆಳಬೋಲ್ಟುಗಳ ಹಿಂದೆ 8–10 ಮಿಮೀ ರಬ್ಬರ್ ವಾಷರ್ ಇಟ್ಟು ಕೋನ ಬದಲಿಸಿದರೆ ಎಷ್ಟೋ ವಾಸಿ. ಇಯರ್‌ಪ್ಲಗ್ ಇನ್ನೂ ಅಗ್ಗದ ಮದ್ದು.

ಇದಕ್ಕೆ ಒಗ್ಗದ್ದು ಎರಡು. ಒಂದು, 3,000 ಸುತ್ತಿನ ಕೆಳಗಿನ ನಿಧಾನ ಓಟ: ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಎರಡನೇ ಗೇರಿಗೆ ಎಂಜಿನ್ ಕುಟ್ಟುತ್ತದೆ, ಒಂದನೆಯದಕ್ಕೆ ಜಗ್ಗುತ್ತದೆ. 2025ರ ಮಾದರಿಗೆ ರೈಡ್–ಬೈ–ವೈರ್ (ಎಲೆಕ್ಟ್ರಾನಿಕ್ ಆಕ್ಸಿಲರೇಟರ್) ಮತ್ತು ರೈಡ್ ಮೋಡ್‌ಗಳು ಬಂದಿವೆ. ಕೊಳ್ಳುವವರು ಹಳೆಯದನ್ನೂ ಹೊಸದನ್ನೂ ಇಂಥದ್ದೇ ತಿರುವಿನಲ್ಲಿ ಓಡಿಸಿ ನೋಡುವುದು ಒಳ್ಳೆಯದು. ಇನ್ನೊಂದು, ಟ್ಯಾಂಕು ಬರೀ 13 ಲೀಟರ್. ಲೀಟರಿಗೆ 26–27ರಂತೆ 300 ಕಿಮೀ ಆಗುತ್ತಿದ್ದಂತೆ ಕಣ್ಣು ಬಂಕ್ ಹುಡುಕುತ್ತದೆ.

ಹಿಮಾಲಯನ್ 450

452 ಸಿಸಿ, 40 ಪಿಎಸ್, 5,500 ಸುತ್ತಿಗೆ 40 ಎನ್‌ಎಂ. ಶಕ್ತಿಯ ಲೆಕ್ಕದಲ್ಲಿ ಡಾಮಿನಾರಿಗೆ ಸಮ. ಅದನ್ನು ದೂರದ ಓಟದಲ್ಲಿ ಹಿಂದೆ ಹಾಕುವುದು ಎಂಜಿನ್ನಿನಿಂದಲ್ಲ, ಮುಂದೆ ಹಿಂದೆ ಎರಡೂ ಕಡೆ ಇರುವ 200 ಮಿಮೀ ಸಸ್ಪೆನ್ಷನ್ನಿನಿಂದ ಮತ್ತು ಕೂರುವ ಭಂಗಿಯಿಂದ. ಫುಟ್‌ರೆಸ್ಟ್ ಸೊಂಟದ ನೇರ ಕೆಳಗಿದೆ, ಹ್ಯಾಂಡಲ್ ಅಗಲ, ಬೆನ್ನು ನೆಟ್ಟಗೆ. ಹಂಪ್ ಬಂದರೆ ಮಂಡಿಯಲ್ಲೇ ತಡೆದುಕೊಳ್ಳಬಹುದು. ಗಂಟೆಗೊಮ್ಮೆ ಎರಡು ನಿಮಿಷ ನಿಂತು ಓಡಿಸಿದರೆ ಕೂರುವ ಮೂಳೆಗಳಿಗೆ ರಕ್ತ ಮತ್ತೆ ಹರಿಯುತ್ತದೆ. ನಾಲ್ಕನೇ ಗಂಟೆಯ ಪರೀಕ್ಷೆಯಲ್ಲಿ ಇದು ಗೆಲ್ಲುವುದು ಇಲ್ಲೇ. ಸೀಟು ನೋಡಲು ಮೂರರಲ್ಲಿ ಇದರದ್ದೇ ತೆಳು, ಒತ್ತಿದರೆ ಗಟ್ಟಿ. ಗಟ್ಟಿ ಇರುವುದೇ ಸರಿ: ಮೆತ್ತನೆ ಸ್ಪಂಜು ಒಂದು ಗಂಟೆಯಲ್ಲಿ ತಳ ಮುಟ್ಟುತ್ತದೆ, ಆಮೇಲೆ ಕೂತಿರುವುದು ತಗಡಿನ ಮೇಲೆ.

ಹೊಸ ಬೈಕು ತಂದವರು ಮೊದಲ ವಾರವೇ ಸ್ಯಾಗ್, ಅಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಅನ್ನುವುದನ್ನು, ಅಳೆಯಬೇಕು. ಇಬ್ಬರು ಹಿಡಿದು ಹಿಂಚಕ್ರ ನೆಲದಿಂದ ಎತ್ತಿದಾಗ, ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ ಹಿಂಭಾಗದ ಒಂದು ಗುರುತಿಗೆ ಎಷ್ಟು ಮಿಮೀ ಅಂತ ಬರೆದುಕೊಳ್ಳಿ. ಜಾಕೆಟ್ಟು, ಲಗೇಜು ಸಮೇತ ಕೂತು ಮತ್ತೆ ಅಳೆಯಿರಿ. ವ್ಯತ್ಯಾಸ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೇ ಒಂದರೊಳಗೆ ಇರಬೇಕು. ಇದಕ್ಕೆ 50–65 ಮಿಮೀ. ಹೆಚ್ಚಿದ್ದರೆ ಪ್ರೀಲೋಡ್ ಬಿಗಿ ಮಾಡಿ. ಇದನ್ನು ಮಾಡದೆ ಜೋಡಿಯಾಗಿ ಹೊರಟರೆ ಹಿಂಭಾಗ ಕುಸಿದು ಹೆಡ್‌ಲೈಟ್ ಮರದ ಕೊಂಬೆಗೆ ಬೀಳುತ್ತದೆ, ಮುಂದಿನ 21 ಇಂಚಿನ ಚಕ್ರ ಹಗುರವಾಗಿ ಅಡ್ಡಗಾಳಿಗೆ ಹ್ಯಾಂಡಲ್ ತೇಲುತ್ತದೆ.

ಇದರ ಕಿರಿಕಿರಿಗಳೂ ಇವೆ. ಪೀಣ್ಯದ ಟ್ರಾಫಿಕ್ಕಿನಲ್ಲಿ ರೇಡಿಯೇಟರ್ ಫ್ಯಾನ್ ಶುರುವಾದರೆ ಬಿಸಿಗಾಳಿ ಮಂಡಿಗೆ. 3,000 ಸುತ್ತಿನ ಕೆಳಗೆ ಎಂಜಿನ್ ಸೋಮಾರಿ, ಅದು ಎಚ್ಚರಾಗುವುದು ಆಮೇಲೆ. ಡ್ಯಾಶಿನಲ್ಲಿ ಗೂಗಲ್ ಮ್ಯಾಪ್ ಕಾಣುವುದು ಸೊಗಸೇ, ಆದರೆ ಅದನ್ನು ಓಡಿಸುವುದು ಜೇಬಿನ ಫೋನು. ಕರಾವಳಿಯ ಸೆಕೆಗೆ ಫೋನ್ ಕಾದು ಬ್ಯಾಟರಿ ಕರಗುತ್ತದೆ. ಚಾರ್ಜಿಂಗ್ ವೈರನ್ನು ಟ್ಯಾಂಕ್ ಬ್ಯಾಗಿಗೆ ಎಳೆದು, ಫೋನನ್ನು ಗಾಳಿ ತಾಗುವ ಜಾಲರಿ ಕಿಸೆಯಲ್ಲಿಡಿ. 17 ಲೀಟರ್ ಟ್ಯಾಂಕಿಗೆ 27–28ರಂತೆ 450 ಕಿಮೀ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಬೇಕಾದದ್ದು ಟಯರು. 2023ರ ನವೆಂಬರಿನಲ್ಲಿ ಬಂದ ಮೊದಲ ಹಿಮಾಲಯನ್‌ಗಳಲ್ಲಿ ಟ್ಯೂಬು ಇತ್ತು. ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಬಂದದ್ದು ಆಮೇಲೆ. ಕಾಡಿನ ದಾರಿಯಲ್ಲಿ ಮೊಳೆ ಚುಚ್ಚಿದರೆ ಟ್ಯೂಬ್‌ಲೆಸ್ಸಿಗೆ ಪ್ಲಗ್ ತುರುಕಿ ಗಾಳಿ ಹೊಡೆಯಲು ಹತ್ತು–ಹದಿನೈದು ನಿಮಿಷ. ಟ್ಯೂಬಾದರೆ ಚಕ್ರ ಬಿಚ್ಚಿ, ಲಿವರ್ ಹಾಕಿ, ತೇಪೆ ಹಚ್ಚಿ ಮುಗಿಸಲು ಮುಕ್ಕಾಲು ಗಂಟೆ, ಅದೂ ಕೆಲಸ ಗೊತ್ತಿದ್ದವರಿಗೆ. ಡಾಮಿನಾರ್‌ನಲ್ಲೂ, ಸ್ಪೋಕ್ ಚಕ್ರದ ಅರೋರಾ ಮಾದರಿ ಬಿಟ್ಟು ಉಳಿದ ಮೀಟಿಯರ್‌ಗಳಲ್ಲೂ ಅಲಾಯ್ ಚಕ್ರ, ಟ್ಯೂಬ್‌ಲೆಸ್.

ಮೂರಕ್ಕೂ ಅನ್ವಯಿಸುವ ಕೆಲವು

ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಬೈಕನ್ನು ಬೈಯುವ ಮುಂಚೆ ಕ್ಲಚ್, ಬ್ರೇಕ್ ಲಿವರುಗಳನ್ನು ನೋಡಿ. ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಇಳಿಜಾರಾಗಿ ಲಿವರನ್ನು ಮುಟ್ಟಬೇಕು. ಕ್ಲಾಂಪಿನ ಬೋಲ್ಟ್ ಸಡಿಲಿಸಿ ತುಸು ಕೆಳಕ್ಕೆ ತಿರುಗಿಸಿದರೆ ಸಾಕು, ಐದು ನಿಮಿಷದ ಕೆಲಸ. ಸೀಟಿನ ಉರಿಗೆ ಅರ್ಧ ಕಾರಣ ಜೀನ್ಸಿನ ದಪ್ಪ ಹೊಲಿಗೆ. ಸೈಕಲ್ ಸವಾರರ ಪ್ಯಾಡ್ ಚಡ್ಡಿ ಒಳಗೆ ಹಾಕಿದರೆ ಏರ್ ಸೀಟೇ (ಸೀಟಿನ ಮೇಲೆ ಹಾಸುವ ಗಾಳಿ ದಿಂಬು) ಬೇಡವಾಗಬಹುದು. ಏರ್ ಸೀಟ್ ಹಾಕುವವರು ಬಲೂನಿನಂತೆ ಉಬ್ಬಿಸುತ್ತಾರೆ, ಅದೇ ತಪ್ಪು: ಕೂತಾಗ ಕೆಳಗಿನ ಸೀಟಿಗೆ ಒಂದು ಬೆರಳ ಅಂತರ ಉಳಿದರೆ ಸಾಕು.

ಲಗೇಜಿನ ಭಾರದ ಸಾಮಾನು ಕೆಳಗೆ, ಸ್ಯಾಡಲ್ ಬ್ಯಾಗಿನಲ್ಲಿ, ಎರಡೂ ಬದಿ ಸಮವಾಗಿ. ಹಿಂದಿನ ಪೆಟ್ಟಿಗೆ ಆಕ್ಸಲ್‌ಗಿಂತ ಹಿಂದೆ ಚಾಚಿರುವುದರಿಂದ ಅದರಲ್ಲಿ 4–5 ಕೆಜಿ ಮೀರಿದರೆ 90ರ ಮೇಲೆ ಹ್ಯಾಂಡಲ್ ನಡುಗುತ್ತದೆ. ಸೈಲೆನ್ಸರ್ ಕಡೆಯ ಬ್ಯಾಗಿಗೆ ಸ್ಟೇ (ಬ್ಯಾಗನ್ನು ದೂರ ಹಿಡಿಯುವ ಕಂಬಿ) ಇಲ್ಲದಿದ್ದರೆ ತಳ ಕರಗುವುದು ಗ್ಯಾರಂಟಿ. ಚೈನಿಗೆ 500 ಕಿಮೀಗೊಮ್ಮೆ, ಮಳೆಯಾದರೆ ಅವತ್ತೇ ರಾತ್ರಿ ಲ್ಯೂಬ್. ತೊಳೆಯಲು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್. ಪೆಟ್ರೋಲು ಬೇಡ, ಅದು ರಬ್ಬರ್ ರಿಂಗುಗಳನ್ನು ಒಣಗಿಸಿ ಸೀಳುತ್ತದೆ.

ಬೆಲೆ ವಿಷಯದಲ್ಲಿ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ದರ ಬದಲಾಗಿದೆ: 350 ಸಿಸಿವರೆಗೆ ಜಿಎಸ್‌ಟಿ ಶೇ. 18, ಅದಕ್ಕೆ ಮೇಲ್ಪಟ್ಟರೆ ಶೇ. 40. 349 ಸಿಸಿಯ ಮೀಟಿಯರ್ ಈ ಗೆರೆಯ ಒಳಗೆ, ಉಳಿದೆರಡು ಹೊರಗೆ. 250 ಸಿಸಿಯ ಸುಜುಕಿ ವಿ–ಸ್ಟ್ರೋಮ್ ಎಸ್‌ಎಕ್ಸ್ ಕೂಡ ಒಳಗೇ. 167 ಕೆಜಿ, 12 ಲೀಟರ್ ಟ್ಯಾಂಕು, ನೆಟ್ಟಗೆ ಕೂರುವ ಭಂಗಿ. 95–100ರಲ್ಲಿ ತೃಪ್ತರಾಗುವ ಒಂಟಿ ಸವಾರರು ಅದನ್ನು ನೋಡದೇ ಬಿಡುವುದು ಯಾಕೋ ತಿಳಿಯದು. 835 ಮಿಮೀ ಸೀಟಿಗೆ ಕಾಲು ಎಟುಕಬೇಕು, ಅಷ್ಟೇ.

ನಮ್ಮ ಆಯ್ಕೆ ಹೀಗೆ. ಹುಬ್ಬಳ್ಳಿ, ಪುಣೆ ಅಂತ ಹೆದ್ದಾರಿಯಲ್ಲೇ ತಿರುಗುವವರಿಗೆ ಡಾಮಿನಾರ್. ಮಲೆನಾಡು, ಕರಾವಳಿ, ಗುಂಡಿ, ಮಳೆ ಎಲ್ಲ ಸೇರಿದ ದಾರಿಯವರಿಗೆ, ಎತ್ತರ ಐದಡಿ ಆರಿಂಚಿನ ಮೇಲಿದ್ದರೆ, ಹಿಮಾಲಯನ್. ಮೈಸೂರು ಕಡೆಯವರಿಗೆ ಹೆದ್ದಾರಿಯ ಲೆಕ್ಕವೇ ಬೇರೆ: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅಲ್ಲಿ 40 ಪಿಎಸ್‌ಗೆ ಕೆಲಸವಿಲ್ಲ, ಮೀಟಿಯರ್ ಧಾರಾಳ ಸಾಕು. ಮುಂಗಡ ಕೊಡುವ ಮುಂಚೆ ಬೆಂಗಳೂರಿನ ಬಾಡಿಗೆ ಅಂಗಡಿಯಿಂದ ಒಂದು ದಿನಕ್ಕೆ ಅದೇ ಬೈಕು ತಗೊಂಡು ಬೆಳಗ್ಗೆ ಆರಕ್ಕೆ ಹೊರಡಿ. ಹಿಂಬದಿಯಲ್ಲಿ ಯಾರು ಕೂರುವವರೋ ಅವರನ್ನೂ ಕೂರಿಸಿಕೊಳ್ಳಿ. ಹತ್ತು ಗಂಟೆಗೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿಸಿ, ಇಳಿದಾಗ ಮೊದಲು ಎಲ್ಲಿ ಕೈಯಿಟ್ಟು ನೀವಿಕೊಳ್ಳುತ್ತೀರಿ ನೋಡಿ: ಸೊಂಟವಾದರೆ ಫುಟ್‌ರೆಸ್ಟ್ ಜಾಗ ನಿಮಗಲ್ಲ, ಕತ್ತಾದರೆ ವೈಸರ್, ಅಂಗೈಯಾದರೆ ಲಿವರ್. ಕೊನೆಯ ಎರಡನ್ನು ಸ್ಪ್ಯಾನರ್ ಸರಿಮಾಡುತ್ತದೆ, ಮೊದಲನೆಯದಕ್ಕೆ ಬೈಕನ್ನೇ ಬದಲಿಸಬೇಕು.