ಮೂರೂವರೆ ವರ್ಷ ಬಳಸಿದ ನಾಲ್ಕು ಚಾನೆಲ್ ಡಿವಿಆರ್, ಮತ್ತೆ ಅದು ಹ್ಯಾಕ್ ಆಗಿದ್ಯಾ ಅಂತ ಹುಡುಕಿದ ಕತೆ

ನಮ್ಮದು ತೀರ್ಥಹಳ್ಳಿ ಕಡೆ ಒಂಟಿ ಮನೆ. ಅಡಿಕೆ ಬೇಯಿಸಿ ಅಂಗಳದಲ್ಲಿ ಹರವ್ತೀವಿ, ರೇಟ್ ಏರಿದ್ಮೇಲೆ ಸುತ್ತಮುತ್ತ ಅಂಗಳದಿಂದ್ಲೇ ಚೀಲ ತುಂಬ್ಕೊಂಡು ಹೋಗೋದು ಶುರುವಾಯ್ತು, ಅದ್ಕೇ ಕ್ಯಾಮೆರಾ ಹಾಕ್ಸಿದ್ದು. ನಾಲ್ಕು 2 ಮೆಗಾಪಿಕ್ಸೆಲ್ ಕ್ಯಾಮೆರಾ, ಅವುಗಳ ಚಿತ್ರ ರೆಕಾರ್ಡ್ ಮಾಡೋ ಡಬ್ಬಿ ಅಂದ್ರೆ ಡಿವಿಆರ್ ಒಂದು, ಅದರೊಳಗೆ 1 ಟಿಬಿ ಹಾರ್ಡ್‌ಡಿಸ್ಕ್. ಕಂಪನಿ ಹೆಸರು ಬರೆಯಲ್ಲ, ಅರ್ಧಕ್ಕರ್ಧ ತಪ್ಪು ಅದರದ್ದಲ್ಲ.

ಮೊದಲ ಎರಡು ವರ್ಷ ಏನೂ ತಕರಾರಿಲ್ಲ. ಹಗಲು ಚಿತ್ರ ಚೆನ್ನಾಗಿದೆ, ರಾತ್ರಿ ಗೇಟ್ ತನಕ ಮುಖ ಗೊತ್ತಾಗುತ್ತೆ, ಅದರಾಚೆ ಬರೀ ಆಕಾರ. ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 2 ಮೆಗಾಬಿಟ್ (ಎಂಬಿಪಿಎಸ್) ಲೆಕ್ಕ ಹಾಕಿದ್ರೆ ನಾಲ್ಕೂ ಸೇರಿ ದಿನಕ್ಕೆ ಸುಮಾರು 86 ಜಿಬಿ, ಅಂದ್ರೆ 1 ಟಿಬಿಲಿ ಹನ್ನೊಂದು ದಿನ ಅಷ್ಟೇ, ಆಮೇಲೆ ಹಳೇದರ ಮೇಲೇ ಬರ್ಕೊಳ್ತಾ ಹೋಗುತ್ತೆ. ಹಾಕಿದ ಹುಡುಗ ಒಂದು ತಿಂಗಳು ಬರುತ್ತೆ ಅಂದಿದ್ದ. ವಿಡಿಯೋನ ಇನ್ನಷ್ಟು ಒತ್ತಿ ಚಿಕ್ಕದು ಮಾಡೋ ಎಚ್.265 ಆನ್ ಮಾಡಿ ಬಿಟ್‌ರೇಟ್ ಇಳಿಸಿದ್ಮೇಲೆ ಇಪ್ಪತ್ತು ದಿನ ಬರ್ತಿದೆ.

ಮೂರನೇ ಮಳೆಗಾಲದಲ್ಲಿ ವಿಚಿತ್ರ ಶುರುವಾಯ್ತು ಮಾರಾಯ್ರೆ. ಒಂದೊಂದು ದಿನದ ರೆಕಾರ್ಡಿಂಗೇ ಇಲ್ಲ. ರಾತ್ರಿ ಹಿಂದಿನ ಕೊಟ್ಟಿಗೆ ಕ್ಯಾಮೆರಾ ಕಪ್ಪಾಗಿ ಡಿವಿಆರ್ ಕುಂಯ್ ಅನ್ನುತ್ತೆ, ಬೆಳಗ್ಗೆ ನೋಡಿದ್ರೆ ಸರಿಯಾಗಿರುತ್ತೆ. ಯಾರೂ ಇಲ್ದೇ ರಾತ್ರಿ ಎರಡು ಗಂಟೆಗೆ ಮೊಬೈಲ್‌ಗೆ ಅಲರ್ಟ್ ಬರುತ್ತೆ. ಇದೆಲ್ಲದರ ಜೊತೆಗೆ ಮನೆ ನೆಟ್ ಸ್ಲೋ, ಮಗಳ ಆನ್‌ಲೈನ್ ಕ್ಲಾಸ್ ತಡವರಿಸೋದು. ನೆಟ್ ಸ್ಲೋ ಆಗಿದ್ದಕ್ಕೆ ನಾವ್ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ಮಳೆಗಾಲ ಅಲ್ವಾ ಅಂತ. ಅಮ್ಮನಿಗೆ ಕೊಟ್ಟಿಗೆ ಕಪ್ಪಾಗೋದೇ ಭಯ, ಯಾರೋ ಬಂದು ಕ್ಯಾಮೆರಾ ಮುಚ್ತಾರೆ ಅಂತ. ನನ್ನ ಹೆಂಡತಿ ಹ್ಯಾಕ್ ಆಗಿದೆ ಅಂದ್ಬಿಟ್ಲು.

ಒಂದು ಭಾನುವಾರ ಕೂತು ಒಂದೊಂದೇ ನೋಡ್ದೆ.

ರೆಕಾರ್ಡಿಂಗ್ ಕಾಣೆ ಆಗಿರಲಿಲ್ಲ, ಜನವರಿ 1, 2000ಕ್ಕೆ ಹೋಗಿ ಕೂತಿತ್ತು! ಒಳಗಡೆ ಬೋರ್ಡಿನ ಮೇಲೆ ಸಿಆರ್2032 ಅಂತ ನಾಣ್ಯದ ಥರ ಸೆಲ್ ಇರುತ್ತೆ, ಅದು ಸತ್ತಿತ್ತು. ಕರೆಂಟ್ ಹೋಗಿ ಯುಪಿಎಸ್ಸೂ ಇಳಿದ್ರೆ ಡಿವಿಆರ್‌ಗೆ ಇವತ್ತು ಯಾವ ದಿನ ಅಂತಾನೇ ಮರೆತು ಹೋಗೋದು. ಪ್ಲೇಬ್ಯಾಕ್‌ನಲ್ಲಿ 2000ದ ಜನವರಿಗೆ ಹೋದ್ರೆ ನಮ್ಮಮ್ಮ ಈಗಿನ ನೈಟಿ ಹಾಕ್ಕೊಂಡು ದನ ಹೊಡೀತಿದಾರೆ. ಸೆಲ್ ಬದಲಾಯಿಸಿ, ಸೆಟ್ಟಿಂಗಲ್ಲಿ ನೆಟ್‌ನಿಂದ ಟೈಮ್ ತಗೊಳ್ಳೋ ಎನ್‌ಟಿಪಿ ಆನ್ ಮಾಡಿ, ಟೈಮ್ ಝೋನ್ 5:30 ಕೊಟ್ಟೆ, ಮುಗೀತು.

ಕೊಟ್ಟಿಗೆ ಕ್ಯಾಮೆರಾಕ್ಕೆ ಮಲ್ಟಿಮೀಟರ್ ಹಿಡಿದೆ. 12 ವೋಲ್ಟ್ ಬೇಕಾದ ಕಡೆ ಹಗಲು 11.6, ಕತ್ತಲಾಗಿ ರಾತ್ರಿ ನೋಡಕ್ಕಿರೋ ಐಆರ್ ಲೈಟ್ ಹತ್ತಿದ ಕೂಡ್ಲೇ 9ಕ್ಕಿಂತ ಕೆಳಗೆ. ಐಆರ್ ಹತ್ತಿದ್ರೆ ಕ್ಯಾಮೆರಾ ಜಾಸ್ತಿ ಕರೆಂಟ್ ಎಳೆಯುತ್ತೆ, ಕ್ಯಾಮೆರಾಕ್ಕೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಬಿಚ್ಚಿದ್ರೆ ಕೆಪಾಸಿಟರ್ ಹೊಟ್ಟೆ ಉಬ್ಬಿಸ್ಕೊಂಡು ಕೂತಿದೆ, ಮೇಲಿಂದ ಕೇಬಲ್ ಬೇರೆ ನಲವತ್ತು ಮೀಟರ್, ಅಷ್ಟುದ್ದಕ್ಕೆ ವೋಲ್ಟ್ ಇನ್ನೂ ಇಳಿಯುತ್ತೆ. ಹೊಸ ಎಸ್‌ಎಂಪಿಎಸ್ ಹಾಕ್ದೆ, ಕುಂಯ್ ನಿಂತಿತು. ಎರಡು ಗಂಟೆಯ ಕಳ್ಳ ಯಾರು ಅಂದ್ರೆ ಜೇಡ. ರಾತ್ರಿ ಕ್ಯಾಮೆರಾ ಸುತ್ತ ಹುಳ ಬರ್ತವೆ, ಹುಳಕ್ಕೆ ಜೇಡ ಬಂದು ಲೆನ್ಸ್ ಮುಂದೇ ಬಲೆ ಕಟ್ಟುತ್ತೆ, ಗಾಳಿಗೆ ಬಲೆ ಅಲ್ಲಾಡಿದ್ರೆ ಮೋಷನ್ ಅಲರ್ಟ್. ಹದಿನೈದು ದಿನಕ್ಕೊಮ್ಮೆ ಪೊರಕೆ ಆಡಿಸ್ತೀನಿ.

ಇಲ್ಲಿಗೇ ನಿಲ್ಲಿಸಿದ್ರೆ ಖುಷಿಯಾಗಿ ನಾಲ್ಕು ಸ್ಟಾರ್ ಕೊಟ್ಟು ಮಲ್ಕೊಳ್ತಿದ್ದೆ. ಆದ್ರೆ ಡಿವಿಆರ್ ಹಿಂದೆ ನೆಟ್ ವೈರ್ ಚುಚ್ಚೋ ಕಡೆಯ ಲ್ಯಾನ್ ಲೈಟ್ ಬಿಡುವಿಲ್ದೇ ಮಿಣಮಿಣ ಅಂತಿತ್ತು, ಆ್ಯಪ್ ಯಾರೂ ತೆಗ್ದಿಲ್ಲ. ವೈರ್ ಕಿತ್ತೆ, ನೆಟ್ ಸಲೀಸು. ಚುಚ್ಚಿದೆ, ಮತ್ತೆ ಸ್ಲೋ. ಡಿವಿಆರ್ ರೀಸ್ಟಾರ್ಟ್ ಮಾಡಿದ್ರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದೇ ರಾಗ. ಲಾಗ್ ತೆಗೆದು ನೋಡಿದ್ರೆ ಎಲ್ಲೆಲ್ಲಿಂದಲೋ ಐಪಿಗಳು (ನೆಟ್‌ನಲ್ಲಿರೋ ಯಂತ್ರಗಳ ವಿಳಾಸ), ಲಾಗಿನ್ ಫೇಲ್, ಲಾಗಿನ್ ಫೇಲ್, ನಡುವೆ ಒಂದು ಕಡೆ ಲಾಗಿನ್ ಸಕ್ಸಸ್. ಹೊಟ್ಟೆ ಒಳಗೆ ತಣ್ಣಗಾಯ್ತು.

ರೂಟರ್ ತೆಗೆದ್ರೆ ಕಾರಣ ಅಲ್ಲೇ ಇತ್ತು. ಮೊಬೈಲಲ್ಲಿ ಲೈವ್ ಬರಲಿ ಅಂತ ಆ ಹುಡುಗ ಡಿಎಂಝಡ್ ಆನ್ ಮಾಡಿ ಡಿವಿಆರ್ ಐಪಿ ಹಾಕಿಟ್ಟಿದ್ದ, ಅಂದ್ರೆ ಹೊರಗಿಂದ ಯಾವ ಪೋರ್ಟ್ (ನೆಟ್‌ನ ನಂಬರ್ ಹಾಕಿದ ಬಾಗಿಲು) ತಟ್ಟಿದ್ರೂ ರೂಟರ್ ತಡೀದೇ ಸೀದಾ ಡಿವಿಆರ್ ಹತ್ರ ಬಿಡುತ್ತೆ, ದೂರದಿಂದ ಕಮಾಂಡ್ ಕೊಡೋ ಟೆಲ್ನೆಟ್‌ನ 23 ಸೇರಿ. ಪಾಸ್‌ವರ್ಡ್ ಬೇರೆ ಒಂದರಿಂದ ಆರರ ತನಕ ಎಣಿಕೆ. ನಮ್ದು ಹೊರಗಿಂದ ಸೀದಾ ಮುಟ್ಟಬಹುದಾದ ಪಬ್ಲಿಕ್ ಐಪಿ ಇರೋ ಕನೆಕ್ಷನ್, ಹಲವು ಮನೆಗೆ ಹಂಚಿದ ಐಪಿ ಆಗಿದ್ರೆ ಅಷ್ಟಾದ್ರೂ ಬಚಾವ್. 2016ರಲ್ಲಿ ಮಿರಾಯ್ ಅಂತ ವೈರಸ್ ಥರದ್ದೊಂದು ಬಂತಲ್ಲ, ಅದು ಅರವತ್ತು ಚಿಲ್ಲರೆ ಮಾಮೂಲಿ ಯೂಸರ್‌ನೇಮ್ ಪಾಸ್‌ವರ್ಡ್ ಜೋಡಿ ಇಟ್ಕೊಂಡೇ ಪ್ರಪಂಚದ ಡಿವಿಆರ್ ಕ್ಯಾಮೆರಾಗಳನ್ನೆಲ್ಲ ಹಿಡಿದು, ಅಕ್ಟೋಬರ್‌ನಲ್ಲಿ ಸೈಟ್ ಹೆಸರಿಗೆ ವಿಳಾಸ ಹುಡುಕಿ ಕೊಡೋ ಡೈನ್ ಅನ್ನೋ ಡಿಎನ್‌ಎಸ್ ಕಂಪನಿ ಮೇಲೆ ಒಟ್ಟಿಗೆ ನುಗ್ಗಕ್ಕೆ ಬಿಟ್ಟಿತ್ತು, ಅಮೆರಿಕದಲ್ಲಿ ದೊಡ್ಡ ದೊಡ್ಡ ಸೈಟ್‌ಗಳೇ ಬಿದ್ದಿದ್ವು. ಅದು ಕೂರೋದು ಬರೀ ರ‍್ಯಾಮ್‌ನಲ್ಲಿ, ಆಫ್ ಮಾಡಿದ್ರೆ ಹೋಗುತ್ತೆ, ಬಾಗಿಲು ತೆಗ್ದೇ ಇದ್ರೆ ವಾಪಸ್ ಬರುತ್ತೆ. ನಮ್ಮನೇಲಿ ಇದ್ದಿದ್ದೂ ಅದೇ ಜಾತಿ ಅನ್ಸುತ್ತೆ. ನಮ್ಮ ಅಡಿಕೆ ಬಗ್ಗೆ ಅವ್ರಿಗೆ ಆಸಕ್ತಿಯೇ ಇರ್ಲಿಲ್ಲ, ಬೇಕಾಗಿದ್ದಿದ್ದು ನಮ್ಮ ನೆಟ್.

ಮೊದ್ಲು ವೈರ್ ಕಿತ್ತು, ಡಿಎಂಝಡ್, ಮತ್ತೆ ರೂಟರ್‌ನಲ್ಲಿ ತಾನಾಗೇ ಪೋರ್ಟ್ ತೆಗೆಸೋ ಯುಪಿಎನ್‌ಪಿ ಆಫ್ ಮಾಡಿ, ಕಂಪನಿ ಸೈಟಿಂದ ನಮ್ಮ ಮಾಡೆಲ್ ನಂಬರ್‌ಗೇ ಸರಿಯಾದ ಫರ್ಮ್‌ವೇರ್ (ಡಿವಿಆರ್ ಒಳಗಿನ ಸಾಫ್ಟ್‌ವೇರ್) ಪೆನ್‌ಡ್ರೈವ್‌ನಲ್ಲಿ ಹಾಕಿದೆ, ಫ್ಯಾಕ್ಟರಿ ರೀಸೆಟ್, ಉದ್ದ ಪಾಸ್‌ವರ್ಡ್, ಎಲ್ಲ ಆದ್ಮೇಲೇ ವೈರ್ ಚುಚ್ಚಿದ್ದು. ಆ್ಯಪ್‌ಗೆ ಸೇರಿಸಕ್ಕೆ ಹೋದ್ರೆ ಇದು ಬೇರೆಯವರ ಅಕೌಂಟ್‌ನಲ್ಲಿದೆ ಅಂತು. ಯಾರ ಅಕೌಂಟ್ ಅಂತ ಕೇಳ್ಬೇಡಿ. ಹುಡುಗನಿಗೆ ಫೋನ್ ಹಚ್ಚಿದೆ. "ಸರ್ವೀಸ್‌ಗೆ ಸುಲಭ ಆಗುತ್ತಲ್ಲ ಅಣ್ಣ, ಅದ್ಕೇ ನನ್ ಮೊಬೈಲಲ್ಲೇ ಮಾಡಿದ್ದು" ಅಂದ. ಅಂದ್ರೆ ಮೂರು ವರ್ಷದಿಂದ ನಮ್ಮ ಹಿತ್ಲು ಅವನ ಜೇಬಲ್ಲಿತ್ತು. ಕೆಟ್ಟ ಹುಡುಗ ಅಲ್ಲ, ತಕ್ಷಣ ಬಿಟ್ಟುಕೊಟ್ಟ. ಉಳಿದ ಮನೆಗಳಿಗೂ ಅದೇ ಪಾಸ್‌ವರ್ಡಾ ಅಂತ ಕೇಳಿದ್ರೆ ಮಾತ್ರ ನೆಟ್‌ವರ್ಕ್ ಸಿಗ್ತಿಲ್ಲ ಅಂತ ಕಟ್ ಮಾಡ್ದ.

ಐದಕ್ಕೆ ಮೂರು ಕೊಡ್ತೀನಿ. ಚಿತ್ರಕ್ಕೆ, ಹಾರ್ಡ್‌ಡಿಸ್ಕ್ ಇನ್ನೂ ಗಟ್ಟಿಯಾಗಿರೋದಕ್ಕೆ ಆ ಮೂರು. ಎನ್‌ಟಿಪಿ ಆಫ್ ಇಟ್ಟು ಕಳ್ಸಿದ್ದಕ್ಕೆ ಒಂದು, ಅಂಥ ಪಾಸ್‌ವರ್ಡ್ ಒಪ್ಕೊಂಡಿದ್ದಕ್ಕೆ ಒಂದು ಕಟ್. ಈಗ ಲೈವ್ ಬೇಕು ಅಂದ್ರೆ ಟಿವಿಗೆ ಎಚ್‌ಡಿಎಂಐ, ಲ್ಯಾನ್ ವೈರ್ ಚುಚ್ಚೋದು ಮನೆಗೆ ಬೀಗ ಹಾಕಿ ಊರಿಗೆ ಹೊರಟಾಗ ಮಾತ್ರ. ಟೈಮ್ ಹೆಚ್ಚುಕಮ್ಮಿ ಆಗಿದ್ರೆ ಆಗ್ಲೇ ಸರಿ ಹೋಗುತ್ತೆ. ಕೊಟ್ಟಿಗೆ ಕೇಬಲ್ ಬದಲಾಯಿಸೋದು ಬಾಕಿ ಇದೆ, ಮಳೆ ಬಿಡ್ಲಿ.