ವೇಗಮಿತಿ, ಆದ್ಯತೆ, ಸರತಿ: ಮನೆಯ ರೂಟರಿನಲ್ಲಿ ಮೂರು ಉಪಾಯಗಳ ಹೋಲಿಕೆ

ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ನಮ್ಮ ಮನೆಗೆ ಇಂಟರ್ನೆಟ್ ಬರುವುದು ಎದುರು ಗುಡ್ಡದ ಟವರಿನಿಂದ, ಮಾಡಿನ ಮೇಲೆ ಕೂರಿಸಿದ ಪುಟ್ಟ ಡಿಶ್ಶಿನ ಮೂಲಕ. ಡೌನ್‌ಲೋಡ್ 20 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಅಪ್‌ಲೋಡ್ 5. ಅಪ್ಪಯ್ಯ ಮೊಬೈಲಿನಲ್ಲಿ ಯಕ್ಷಗಾನದ ನೇರ ಪ್ರಸಾರ ನೋಡುತ್ತಿದ್ದರೂ ನನ್ನ ಕಚೇರಿಯ ವಿಡಿಯೊ ಸಭೆಗೆ ತೊಂದರೆಯಿಲ್ಲ. ತೊಂದರೆಯೆಲ್ಲ ಆ 5ರಲ್ಲಿದೆ. ಅಡಿಕೆ ಅಟ್ಟದ ಮೇಲಿರುವ ಕ್ಯಾಮೆರಾ ಆಳುಗಳ ಓಡಾಟ ಕಂಡಾಗಲೆಲ್ಲ ದೃಶ್ಯವನ್ನು ಹೊರಗೆ ಕಳಿಸುತ್ತದೆ, ಆಯಿಯ ಫೋನು ಚಾರ್ಜಿಗೆ ಹಾಕಿದ ಕೂಡಲೇ ಫೋಟೊಗಳನ್ನು ಏರಿಸತೊಡಗುತ್ತದೆ, ಸಭೆಯಲ್ಲಿರುವವರು "ನಿಮ್ಮ ದನಿ ಕಡಿದು ಕಡಿದು ಬರ್ತಾ ಇದೆ" ಎನ್ನುತ್ತಾರೆ. ಸುಮ್ಮನಿದ್ದಾಗ 25 ಮಿಲಿಸೆಕೆಂಡಿನಲ್ಲಿ ಮರಳುವ ಪಿಂಗ್ (ಹೋಗಿ ಬರಲು ಎಷ್ಟು ಹೊತ್ತು ಎಂದು ಅಳೆಯುವ ಪುಟ್ಟ ಸಂದೇಶ), ಅಂಥ ಹೊತ್ತಿನಲ್ಲಿ 800 ದಾಟುತ್ತಿತ್ತು.

ಈ 800 ಎಲ್ಲಿಂದ ಬಂತು ಎಂಬುದನ್ನು ಲೆಕ್ಕ ಹಾಕಬಹುದು. ದಾರಿಯಲ್ಲಿರುವ ಯಾವುದೋ ಪೆಟ್ಟಿಗೆ 500 ಕಿಲೋಬೈಟ್ ದತ್ತಾಂಶವನ್ನು ಸರತಿಯಲ್ಲಿ ಇಟ್ಟುಕೊಂಡರೆ ಅದು 40 ಲಕ್ಷ ಬಿಟ್. 5 ಎಂಬಿಪಿಎಸ್ ವೇಗದಲ್ಲಿ ಅದು ಖಾಲಿಯಾಗಲು 0.8 ಸೆಕೆಂಡು ಬೇಕು, ಕೊನೆಯಲ್ಲಿ ಬಂದು ನಿಂತ ನನ್ನ ಮಾತಿನ ತುಣುಕು ಅಷ್ಟು ಹೊತ್ತು ಕಾಯಲೇಬೇಕು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಇದನ್ನು ತಡೆಯಲು ಮೂರು ಉಪಾಯಗಳನ್ನು, ಪ್ರತಿಸಲವೂ 300 ಎಂಬಿಯ ಅದೇ ಫೋಟೊ ಕಡತವನ್ನು ಏರಿಸುತ್ತ, ಪಕ್ಕದಲ್ಲಿ ಪಿಂಗ್ ಓಡಿಸುತ್ತ ಪರೀಕ್ಷಿಸಿದೆ.

ಮೊದಲನೆಯದು ರೂಟರಿನಲ್ಲೇ ಇದ್ದ ವೇಗಮಿತಿ. ಪ್ರತಿ ಉಪಕರಣಕ್ಕೂ ಇಷ್ಟೇ ಎಂದು ಕಟ್ಟಿಹಾಕುವ ಈ ಕ್ರಮ ಅರ್ಥವಾಗಲು ಸುಲಭ, ಕೆಲಸವನ್ನೂ ಮಾಡುತ್ತದೆ: ಕ್ಯಾಮೆರಾಕ್ಕೆ 1, ಆಯಿಯ ಫೋನಿಗೆ 1.5 ಎಂದು ಬರೆದ ದಿನ ಸಭೆ ಸಲೀಸಾಗಿ ನಡೆಯಿತು. ಆದರೆ ಬೇರೇನೂ ಓಡದಿರುವಾಗ ಎಂಟು ನಿಮಿಷದಲ್ಲಿ ಮುಗಿಯಬೇಕಾದ ಕಡತ, ಮನೆಯವರೆಲ್ಲ ಮಲಗಿದ್ದರೂ ಅರ್ಧ ಗಂಟೆಯ ಹತ್ತಿರ ಎಳೆಯಿತು, ಏಕೆಂದರೆ ಉಳಿದ ಪಾಲು ಖಾಲಿ ಬಿದ್ದಿದ್ದರೂ ಮಿತಿ ಸಡಿಲವಾಗುವುದಿಲ್ಲ. ಚೌತಿಗೆ ಬಂದ ನೆಂಟರ ಏಳೆಂಟು ಫೋನುಗಳು ನನ್ನ ಪಟ್ಟಿಯಲ್ಲೇ ಇರಲಿಲ್ಲವಾದ್ದರಿಂದ ಅವುಗಳಿಗೆ ಮಿತಿಯೂ ಇರಲಿಲ್ಲ. ಈಗಿನ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು, ಅಂದರೆ ರೂಟರ್ ಉಪಕರಣವನ್ನು ಗುರುತಿಸುವ ಸಂಖ್ಯೆಯನ್ನು, ಮರೆಮಾಡಿ ಬೇರೊಂದನ್ನು ತೋರಿಸುವುದರಿಂದ, ವಿಳಾಸ ನೋಡಿ ಬರೆದ ನಿಯಮ ಎಷ್ಟು ದಿನ ನಿಂತೀತು ಎಂಬ ಭರವಸೆಯೂ ಇಲ್ಲ.

ಎರಡನೆಯದು ಅದೇ ರೂಟರಿನ ಆದ್ಯತೆಯ ವ್ಯವಸ್ಥೆ, ಅಂದರೆ ಕ್ಯೂಒಎಸ್. ಇಲ್ಲಿ ನನ್ನ ಮೊದಲ ವಾರ ವ್ಯರ್ಥವಾದದ್ದು ನನ್ನದೇ ಅಜಾಗ್ರತೆಯಿಂದ. ಒಟ್ಟು ವೇಗ ಎಷ್ಟು ಎಂದು ಕೇಳುವ ಜಾಗದಲ್ಲಿ ಮೊದಲೇ ತುಂಬಿಕೊಂಡಿದ್ದ 100 ಅನ್ನು ಹಾಗೆಯೇ ಬಿಟ್ಟು, ನನ್ನ ಲ್ಯಾಪ್‌ಟಾಪಿಗೆ ಅಗ್ರ ಆದ್ಯತೆ ಕೊಟ್ಟೆ. ಪಿಂಗ್ 800ರಿಂದ ಕದಲಲಿಲ್ಲ. ರೂಟರಿನ ಲೆಕ್ಕದಲ್ಲಿ ರಸ್ತೆ ಖಾಲಿಯೇ ಇತ್ತು, ಆದ್ದರಿಂದ ಬಂದದ್ದನ್ನೆಲ್ಲ ಹಾಗೆಯೇ ಮುಂದೆ ತಳ್ಳುತ್ತಿತ್ತು, ಸರತಿ ಮಾತ್ರ ಮಾಡಿನ ಮೇಲಿನ ಡಿಶ್ಶಿನಲ್ಲಿ ಬೆಳೆಯುತ್ತಿತ್ತು. ದೇವಿಮನೆ ಘಟ್ಟದಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ನಮ್ಮ ಮನೆಯ ಗೇಟಿನಲ್ಲಿ ಆಂಬುಲೆನ್ಸನ್ನು ಮುಂದೆ ಬಿಟ್ಟರೆ ಕುಮಟೆಗೆ ಅದು ಬೇಗ ತಲುಪುವುದಿಲ್ಲ. 100ನ್ನು 4.5ಕ್ಕೆ ಇಳಿಸಿದ ಮೇಲೆ ಆದ್ಯತೆಗೆ ಜೀವ ಬಂತು, ಸಭೆಯೂ ಸುಧಾರಿಸಿತು. ಆದರೂ ಒಂದು ಮಧ್ಯಾಹ್ನ ದನಿ ಮತ್ತೆ ಕಡಿಯಿತು. ನೋಡಿದರೆ ನನ್ನ ಲ್ಯಾಪ್‌ಟಾಪೇ ಕಚೇರಿಯ ಕಡತಗಳನ್ನು ಏರಿಸುತ್ತಿತ್ತು. ಉಪಕರಣಕ್ಕೆ ಆದ್ಯತೆ ಕೊಟ್ಟಾಗ ಅದರೊಳಗಿನ ಮಾತಿಗೂ ಮೂಟೆಗೂ ಒಂದೇ ಮರ್ಯಾದೆ ಸಿಗುತ್ತದೆ.

ಮೂರನೆಯದಕ್ಕೆ ರೂಟರಿನ ತಂತ್ರಾಂಶವನ್ನೇ ತೆಗೆದು, ರೂಟರುಗಳಿಗೆಂದೇ ಇರುವ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ ಹಾಕಬೇಕಾಯಿತು. ಎಲ್ಲ ಮಾದರಿಗಳಿಗೂ ಅದು ಹೊಂದುವುದಿಲ್ಲ, ಹಾಕುವಾಗ ಕರೆಂಟು ಹೋದರೆ ಪೆಟ್ಟಿಗೆ ಕೆಟ್ಟುಹೋಗಬಹುದು, ಆದಕಾರಣ ಮಳೆಗಾಲದಲ್ಲಿ ಇನ್ವರ್ಟರಿನ ಆಸರೆಯಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಅದರಲ್ಲಿ ಸರತಿಯನ್ನು ನಿಭಾಯಿಸುವ ಎಸ್‌ಕ್ಯೂಎಂ ಎಂಬ ಪೊಟ್ಟಣವನ್ನು ಸೇರಿಸಿ, 2018ರಲ್ಲಿ ಲಿನಕ್ಸ್‌ನ 4.19ನೇ ಆವೃತ್ತಿಯೊಂದಿಗೆ ಅದರ ತಿರುಳಾದ ಕರ್ನೆಲ್‌ಗೆ ಸೇರಿದ ಕೇಕ್ ಎಂಬ ಸರತಿ ವಿಧಾನವನ್ನು ಆರಿಸಿದೆ. ಇದು ಯಾರು ದೊಡ್ಡವರು ಎಂದು ಕೇಳುವುದಿಲ್ಲ. ಪ್ರತಿ ಹರಿವನ್ನೂ (ಒಂದೊಂದು ಸಂಪರ್ಕದ ದತ್ತಾಂಶವನ್ನೂ) ಬೇರೆಬೇರೆ ಸಾಲಿನಲ್ಲಿ ನಿಲ್ಲಿಸಿ ಸರದಿಯಂತೆ ಬಿಡುತ್ತದೆ; ಸಾಲೊಂದರಲ್ಲಿ ಕಾಯುವಿಕೆ ಸುಮಾರು 5 ಮಿಲಿಸೆಕೆಂಡಿಗಿಂತ ಹೆಚ್ಚಾಗಿ ಹಾಗೆಯೇ ಮುಂದುವರಿದರೆ ಆ ಸಾಲಿನ ಕೆಲವು ಪ್ಯಾಕೆಟ್ (ದತ್ತಾಂಶದ ತುಣುಕು) ಬೀಳಿಸಿ, ಕಳಿಸುವವನಿಗೆ ನಿಧಾನಿಸುವ ಸೂಚನೆ ಕೊಡುತ್ತದೆ. ಮಾತಿನ ತುಣುಕುಗಳು ಸಣ್ಣವು, ಅವುಗಳ ಸಾಲು ಸದಾ ಖಾಲಿ, ಹೀಗಾಗಿ ಆದ್ಯತೆಯನ್ನು ಯಾರೂ ಬರೆದುಕೊಡದೆಯೇ ಅವು ಮುಂದೆ ಹೋಗುತ್ತವೆ. ಅಪ್‌ಲೋಡ್ 4.2, ಡೌನ್‌ಲೋಡ್ 17 ಎಂದು ನಿಜವಾದ ವೇಗಕ್ಕಿಂತ ಶೇಕಡಾ 15ರಷ್ಟು ಕಡಿಮೆ ಬರೆದೆ. ಸರತಿ ಡಿಶ್ಶಿನಲ್ಲಲ್ಲ, ನನ್ನ ರೂಟರಿನಲ್ಲೇ ನಿಲ್ಲಬೇಕೆಂದರೆ ಈ ಬಿಟ್ಟುಕೊಡುವಿಕೆ ಅನಿವಾರ್ಯ. ಒಂದೇ ಹೊರವಿಳಾಸದ ಹಿಂದಿರುವ ಮನೆಯ ಉಪಕರಣಗಳನ್ನು ಬೇರೆಬೇರೆಯಾಗಿ ಗುರುತಿಸುವ ನ್ಯಾಟ್ ಎಂಬ ಸೂಚನೆಯನ್ನೂ ಸೇರಿಸಿ ಪಾಲನ್ನು ಉಪಕರಣವಾರು ಹಂಚಲು ಹೇಳಿದ್ದರಿಂದ, ಇಪ್ಪತ್ತು ಸಂಪರ್ಕ ತೆರೆದ ಫೋನಿಗೂ ಒಂದೇ ಸಂಪರ್ಕದ ಲ್ಯಾಪ್‌ಟಾಪಿಗೂ ಸಮಪಾಲು ಸಿಕ್ಕಿತು. ಅದೇ 300 ಎಂಬಿ ಏರುತ್ತಿರುವಾಗ ಪಿಂಗ್ 35ರಿಂದ 45ರ ನಡುವೆ ಇತ್ತು, ಕಡತ ಹತ್ತು ನಿಮಿಷದೊಳಗೆ ಮುಗಿಯಿತು.

ಕೇಕ್‌ಗೂ ಎರಡು ಕೊರತೆಗಳಿವೆ. ಇದೆಲ್ಲವನ್ನೂ ಪ್ರೊಸೆಸರ್ ಮಾಡುವುದರಿಂದ ಹಾರ್ಡ್‌ವೇರ್ ಆಫ್‌ಲೋಡ್ ಅನ್ನು, ಅಂದರೆ ಪ್ರೊಸೆಸರನ್ನು ಬಿಟ್ಟು ಬೇರೆ ಚಿಪ್ಪಿನಿಂದಲೇ ದತ್ತಾಂಶ ದಾಟಿಸುವ ಸೌಲಭ್ಯವನ್ನು, ನಿಲ್ಲಿಸಿಡಬೇಕು. ನಮ್ಮ 20ಕ್ಕೆ ಹಳೆಯ ರೂಟರ್ ಸಾಕು, ನೂರಾರು ಎಂಬಿಪಿಎಸ್ ಫೈಬರ್ ಇರುವವರು ಗಟ್ಟಿ ಪೆಟ್ಟಿಗೆಯನ್ನೇ ಕೊಳ್ಳಬೇಕಾದೀತು. ಇನ್ನೊಂದು ನಮ್ಮಂಥವರಿಗೇ ತಟ್ಟುವಂಥದ್ದು: ಬರೆದ ಸಂಖ್ಯೆ ಸ್ಥಿರ, ಟವರಿನ ವೇಗ ಅಸ್ಥಿರ. ಸಂಜೆ ಸುತ್ತಲಿನ ಮನೆಗಳೆಲ್ಲ ಟವರಿಗೆ ಅಂಟಿಕೊಂಡಾಗ 20 ಎಂಬುದು 14ಕ್ಕೆ ಇಳಿಯುತ್ತದೆ, ಆಗ ನನ್ನ 17 ನಿರರ್ಥಕ, ಸರತಿ ಮತ್ತೆ ಟವರಿನ ಕಡೆಗೆ ಹೋಗಿ ನಿಲ್ಲುತ್ತದೆ.

ಹಾಗಾಗಿ ಈಗ ನಾನು ಉಳಿಸಿಕೊಂಡಿರುವುದು ಕೇಕ್, ಮೊದಲ ಉಪಾಯದಿಂದ ಒಂದೇ ಒಂದು ಮಿತಿ. ಅದೂ ರೂಟರಿನಲ್ಲಿ ಅಲ್ಲ, ಕ್ಯಾಮೆರಾದ ಒಳಗೇ ಬಿಟ್‌ರೇಟ್ (ಸೆಕೆಂಡಿಗೆ ಅದು ಕಳಿಸುವ ದತ್ತಾಂಶ) ಇಳಿಸಿ 1ಕ್ಕೆ ತಂದಿದ್ದೇನೆ. ಅಟ್ಟದ ಮೇಲಿನ ಅಡಿಕೆ ಮೊದಲಿನಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಆದ್ಯತೆಯ ಪಟ್ಟಿಯನ್ನು ಪೂರ್ತಿ ಕೈಬಿಟ್ಟೆ. ಸಂಜೆ ಏಳಕ್ಕೆ ಡೌನ್‌ಲೋಡನ್ನು 12ಕ್ಕೆ ಇಳಿಸುವ, ರಾತ್ರಿ ಹನ್ನೊಂದಕ್ಕೆ ಮತ್ತೆ 17ಕ್ಕೆ ಏರಿಸುವ ಎರಡು ಸಾಲುಗಳನ್ನು, ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಬರೆದಿಟ್ಟಿದ್ದೇನೆ.